ರಾತ್ರಿ ಬಸ್ಸು ಊರು ಮುಟ್ಟುವ ತನಕ: ದಿನನಿತ್ಯದ ಆತಂಕದೊಡನೆ ಬಾಳುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ನನಗೀಗ 47 ವರ್ಷ. ಊರಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯವರು ಮೂರು ಎಕರೆ ಅಡಿಕೆ ತೋಟ ನೋಡಿಕೊಳ್ಳುತ್ತಾರೆ, ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಇನ್ನೊಬ್ಬರ ಮುಂದೆ ಹೇಳಿಕೊಳ್ಳುವಂಥ ಕಷ್ಟ ಯಾವುದೂ ನಮ್ಮ ಮನೆಯಲ್ಲಿಲ್ಲ. ಕಷ್ಟವಿಲ್ಲದೆಯೂ ಹೀಗಾಗುತ್ತದೆಯಲ್ಲ ಎಂಬ ಸಂಕೋಚದಿಂದಲೇ ಇಷ್ಟು ದಿನ ಬರೆಯದೆ ಉಳಿದೆ.

ಮಗಳು ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಊರಿಗೆ ಬರುತ್ತಾಳೆ. ಅವಳು ಬಸ್ಸು ಹತ್ತಿದೆನೆಂದು ಹೇಳಿದ ಕ್ಷಣದಿಂದ ನನ್ನ ಮನಸ್ಸೂ ಅದೇ ಬಸ್ಸಿನಲ್ಲಿ ಕುಳಿತಿರುತ್ತದೆ. ತುಮಕೂರು ದಾಟಿತೇ, ಅರಸೀಕೆರೆ ಬಂತೇ, ಚಾಲಕ ತೂಕಡಿಸಿದರೆ ಏನು ಗತಿ ಎಂದು ಲೆಕ್ಕ ಹಾಕುತ್ತಾ ಮಲಗಿರುತ್ತೇನೆ. ನಡುರಾತ್ರಿ ಎರಡು ಮೂರು ಸಲ ಫೋನು ಮಾಡಿ ಅವಳನ್ನೂ ಎಬ್ಬಿಸುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರು ಸತ್ತು ಫೋನು ಹತ್ತದಿದ್ದರಂತೂ ಜಗುಲಿಗೂ ಅಂಗಳಕ್ಕೂ ಓಡಾಡುವುದರಲ್ಲೇ ಬೆಳಗಾಗುತ್ತದೆ.

ಬಸ್ಸಿನದು ತಿಂಗಳಿಗೊಮ್ಮೆಯ ಮಾತಾಯಿತು. ದಿನದ ಪಾಡು ಬೇರೆಯೇ ಇದೆ. ಗ್ಯಾಸಿನ ರೆಗ್ಯುಲೇಟರು ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಹಿಂದಿರುಗಿದ್ದುಂಟು. ಸಂಘದಲ್ಲಿ ಒಮ್ಮೆ ಸರಿಯಾಗಿ ಕೂಡಿದ ಮೊತ್ತವನ್ನು ಮತ್ತೆ ಎರಡು ಸಲ ಕೂಡದಿದ್ದರೆ ಸಮಾಧಾನವಿಲ್ಲ. ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗಿ, ಕಾರಣವೇ ಇಲ್ಲದೆ ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯನ್ನು ಯಾರೋ ಒಳಗಿನಿಂದ ಹಿಂಡಿದಂತಾಗುತ್ತದೆ. ಕಾರಣವನ್ನು ಆಮೇಲೆ ನಾನೇ ಹುಡುಕಿ ಕೊಡುತ್ತೇನೆ.

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎಂಬ ಮಾತನ್ನು ಬಂಧುಗಳಿಂದ ನೂರು ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ಚಿಂತಿಸುತ್ತಿದ್ದೇನಲ್ಲ ಎಂಬ ಇನ್ನೊಂದು ಚಿಂತೆ ಸೇರಿಕೊಂಡಿದೆ. ದೇವರ ಮೇಲೆ ಭಾರ ಹಾಕು ಎನ್ನುತ್ತಾರೆ. ಹಾಕುತ್ತೇನೆ, ಆದರೆ ಹಾಕಿದ ಭಾರ ಅಲ್ಲೇ ಇದೆಯೇ ಎಂದು ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತೇನೆ. ಪಕ್ಕದ ಮನೆಯವರು ತಮಗೆ ಬರೆದುಕೊಟ್ಟ ನಿದ್ರೆ ಮಾತ್ರೆಯಲ್ಲಿ ಅರ್ಧ ತುಂಡು ಕೊಟ್ಟಿದ್ದರು, ಒಂದು ರಾತ್ರಿ ನುಂಗಿದೆ, ಚೆನ್ನಾಗಿ ನಿದ್ರೆ ಬಂತು, ಅದೇ ಹೆದರಿಕೆಗೆ ಮತ್ತೆ ಮುಟ್ಟಲಿಲ್ಲ.

ಇದು ಕಾಯಿಲೆಯೋ ಅಥವಾ ನನ್ನ ತಾಯಿಯಿಂದ ಬಂದ ಸ್ವಭಾವವೋ ತಿಳಿಯದು, ಅವರೂ ಹೀಗೆಯೇ ಇದ್ದರು. ಪೂರ್ತಿ ಹೋಗಲಿ ಎಂಬ ಆಸೆ ನನಗಿಲ್ಲ. ಮನೆಯವರಿಗೂ ನನಗೂ ಸ್ವಲ್ಪ ಹಗುರವಾಗುವ ದಾರಿಯನ್ನು ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಉತ್ತರ 1: ಆಪ್ತಸಮಾಲೋಚಕಿ, ಮೈಸೂರು

ನೀವು ಬರೆದಿರುವ ಒಂದು ಸಾಲಿನಲ್ಲಿ, ದೇವರ ಮೇಲೆ ಹಾಕಿದ ಭಾರವನ್ನು ಎತ್ತಿ ನೋಡುತ್ತೇನೆ ಎಂದಿದ್ದೀರಲ್ಲ, ನಿಮ್ಮ ತೊಂದರೆಯ ತಿರುಳೆಲ್ಲ ಅಲ್ಲಿಯೇ ಇದೆಯೆಂದು ನನಗೆ ಅನಿಸಿತು.

ಮೊದಲು ದೇಹದ ಮಾತು. ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನೊಳಗಿನ ಅಮಿಗ್ಡಲಾ ಎಂಬ ಪುಟ್ಟ ಭಾಗ ಕೂಗು ಹಾಕುತ್ತದೆ, ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಓಡಲು ಬೇಕಾದ ಸ್ನಾಯುಗಳಿಗೆ ರಕ್ತ ಒದಗಿಸಲು ಹೃದಯ ವೇಗವಾಗಿ ಬಡಿಯುತ್ತದೆ, ಜೀರ್ಣದ ಕೆಲಸ ಸದ್ಯಕ್ಕೆ ಬೇಡವೆಂದು ಹೊಟ್ಟೆ ಬಿಗಿಯುತ್ತದೆ. ಉಸಿರು ಅಗತ್ಯಕ್ಕಿಂತ ಹೆಚ್ಚಾದಾಗ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗಿ ಬೆರಳು ಜುಮುಗುಟ್ಟುವುದು, ತಲೆ ಹಗುರಾದಂತಾಗುವುದು ಕೂಡ ಉಂಟು. ತೋಟದಲ್ಲಿ ಕಾಲಬುಡಕ್ಕೆ ಹಾವು ಬಂದಾಗ ನಿಮ್ಮನ್ನು ಉಳಿಸುವುದು ಇದೇ ಏರ್ಪಾಡು. ಅರಸೀಕೆರೆಯ ಹತ್ತಿರವಿರುವ ಬಸ್ಸಿಗೂ ಅದು ಅದೇ ಕೂಗನ್ನೇ ಹಾಕುತ್ತದೆ, ಆದರೆ ಹಾಸಿಗೆಯಲ್ಲಿ ಮಲಗಿದವರು ಓಡುವುದಾದರೂ ಎಲ್ಲಿಗೆ?

ಹಾಗಾಗಿ ಓಡುವ ಬದಲು ಪರೀಕ್ಷಿಸುತ್ತೇವೆ. ಫೋನು ಮಾಡುತ್ತೇವೆ, ರೆಗ್ಯುಲೇಟರು ಮುಟ್ಟಿ ನೋಡುತ್ತೇವೆ, ಮೊತ್ತವನ್ನು ಮತ್ತೆ ಕೂಡುತ್ತೇವೆ. ಮಗಳು ‘ಹೂಂ, ತಿಪಟೂರು’ ಎಂದು ನಿದ್ದೆಗಣ್ಣಿನಲ್ಲಿ ಹೇಳಿದ ಮೇಲೆ ಐದು ನಿಮಿಷ ಹಾಯೆನಿಸುತ್ತದೆ. ಈ ಐದು ನಿಮಿಷದ ಹಾಯನ್ನು ಮಿದುಳು ತಪ್ಪಾಗಿ ಓದಿಕೊಳ್ಳುತ್ತದೆ. ಫೋನು ಮಾಡಿದ್ದರಿಂದಲೇ ಅಪಾಯ ತಪ್ಪಿತು ಎಂದು ಅದು ಕಲಿತು, ಮುಂದಿನ ಸಲ ಇನ್ನಷ್ಟು ಬೇಗ ಫೋನು ಕೇಳುತ್ತದೆ. ಬಸ್ಸು ಸಾವಿರ ಸಲ ಸುಖವಾಗಿ ಬಂದರೂ ಧೈರ್ಯ ಬೆಳೆಯದಿರುವುದಕ್ಕೆ ಕಾರಣ ಇಷ್ಟೇ, ಫೋನು ಮಾಡದೆಯೂ ಬಸ್ಸು ಬರುತ್ತದೆ ಎಂಬುದನ್ನು ನೋಡುವ ಅವಕಾಶ ಅದಕ್ಕೆ ಒಮ್ಮೆಯೂ ದೊರೆತಿಲ್ಲ.

ಆದ್ದರಿಂದ ನನ್ನ ಸಲಹೆ ಆತಂಕವನ್ನು ನಿಲ್ಲಿಸುವುದರ ಕುರಿತಲ್ಲ, ಪರೀಕ್ಷಿಸುವುದನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುವುದರ ಕುರಿತು. ಸುಲಭವಾದದ್ದರಿಂದ ಆರಂಭಿಸಿ. ರೆಗ್ಯುಲೇಟರನ್ನು ಆರಿಸುವಾಗ ಬಾಯಿಬಿಟ್ಟು ‘ಆರಿಸಿದೆ’ ಎಂದು ಹೇಳಿ ಹೊರಡಿ, ಮತ್ತೆ ನೋಡಲು ಹೋಗಬೇಡಿ. ಬಾಗಿಲು ದಾಟಿದ ಮೇಲೆ ಕಳವಳ ಏರುತ್ತದೆ. ಏರಲಿ, ಅದಕ್ಕೆ ಉತ್ತರ ಕೊಡದೆ ನಡೆಯುತ್ತಿದ್ದರೆ ಮೆಲ್ಲನೆ ಇಳಿಯುವುದನ್ನೂ ನೀವೇ ಕಾಣುತ್ತೀರಿ. ಮೊದಲ ವಾರ ಇದು ಕಷ್ಟವೇ, ಸುಳ್ಳು ಹೇಳಲಾರೆ.

ಇನ್ನೊಂದು, ಚಿಂತೆಗೆ ಒಂದು ಹೊತ್ತು ಗೊತ್ತುಮಾಡಿ. ಸಂಜೆ ಆರಕ್ಕೆ 20 ನಿಮಿಷ, ಮಲಗುವ ಕೋಣೆ ಬಿಟ್ಟು ಬೇರೆಡೆ ಕುಳಿತು, ಒಂದು ನೋಟುಪುಸ್ತಕದಲ್ಲಿ ಎಲ್ಲವನ್ನೂ ಬರೆಯಿರಿ. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಅದನ್ನು ಬೈದು ಅಟ್ಟಬೇಡಿ, ಒಂದು ಪದ ಗುರುತು ಹಾಕಿಕೊಂಡು ‘ಆರು ಗಂಟೆಗೆ ಬಾ’ ಎನ್ನಿ. ಆರಕ್ಕೆ ಪುಸ್ತಕ ತೆರೆದಾಗ ಅದರಲ್ಲಿ ಅರ್ಧಕ್ಕರ್ಧ ತಣ್ಣಗಾಗಿರುವುದನ್ನು ನನ್ನಲ್ಲಿಗೆ ಬರುವ ಅನೇಕರು ಕಂಡಿದ್ದಾರೆ. ಚಿಂತೆಯನ್ನು ಮುಂದೂಡುವ ಈ ಕ್ರಮ 1980ರ ದಶಕದಿಂದಲೂ ಮನಶ್ಶಾಸ್ತ್ರಜ್ಞರ ಬಳಕೆಯಲ್ಲಿದೆ.

ಕಾಯಿಲೆಯೇ ಎಂಬ ಪ್ರಶ್ನೆಗೆ ದೂರದಿಂದ ಉತ್ತರಿಸುವುದು ಸರಿಯಲ್ಲ. ಆರು ತಿಂಗಳಿಗೂ ಮೀರಿ, ಬಹುಪಾಲು ದಿನಗಳಲ್ಲಿ, ಹತೋಟಿಗೆ ಸಿಗದ ಚಿಂತೆಯಿದ್ದು ನಿದ್ರೆ, ಕೆಲಸ, ಮನೆಯವರೊಡನೆಯ ಸಂಬಂಧಗಳು ಕೆಡುತ್ತಿದ್ದರೆ ಒಮ್ಮೆ ತಜ್ಞರೊಡನೆ ಮಾತಾಡುವುದು ಒಳ್ಳೆಯದು. ನೀವು ಬರೆದಿರುವುದನ್ನು ನೋಡಿದರೆ ಮಾತಾಡಬಹುದು ಎಂದೇ ನನ್ನ ಅಭಿಪ್ರಾಯ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ತಾಯಿಯವರಿಂದ ಬಂದದ್ದೇ ಎಂದು ಕೇಳಿದ್ದೀರಿ. ಒಂದಿಷ್ಟು ಹುಟ್ಟಿನಿಂದ, ಒಂದಿಷ್ಟು ಅವರನ್ನು ನೋಡಿ ಕಲಿತದ್ದು ಇರಬಹುದು. ಕಲಿತ ಪಾಲನ್ನು ಬದಲಿಸಿಕೊಳ್ಳಲು 47 ತಡವಾದ ವಯಸ್ಸೇನಲ್ಲ.

ಉತ್ತರ 2: ಶೃಂಗೇರಿ ಸೀಮೆಯ ಕೃಷಿಕ

ತಂಗೀ, ನಾನು ವೈದ್ಯನಲ್ಲ, 63 ವರ್ಷದ ಅಡಿಕೆ ಬೆಳೆಗಾರ. ನಿಮ್ಮ ಮನೆಯಲ್ಲೂ ತೋಟವಿರುವುದರಿಂದ ನನ್ನ ಮಾತು ನಿಮಗೆ ಬೇಗ ತಿಳಿದೀತು ಎಂದು ಬರೆಯುತ್ತಿದ್ದೇನೆ.

ಮೇ ತಿಂಗಳ ಕೊನೆಯಲ್ಲಿ ನಮಗೆಲ್ಲ, ಮಳೆಗಾಲದಲ್ಲಿ ಅಡಿಕೆಕಾಯಿ ಉದುರಿಸುವ ಕೊಳೆರೋಗದ ಚಿಂತೆ ಹಿಡಿಯುತ್ತದೆ. ಆ ಚಿಂತೆಗೆ ಒಂದು ಕೆಲಸವಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇವುಗಳ ಬೋರ್ಡೋ ದ್ರಾವಣವನ್ನು, ಅಡಿಕೆ ಮರ ಹತ್ತುವ ಕೊನೆಗಾರನನ್ನು ಹಿಡಿದು ಮಳೆ ಕೂರುವ ಮೊದಲು ಒಮ್ಮೆ ಹೊಡೆಸುವುದು, 40–45 ದಿನ ಬಿಟ್ಟು ಮತ್ತೊಮ್ಮೆ. ಇಲ್ಲಿಯವರೆಗಿನ ಚಿಂತೆ ಒಳ್ಳೆಯ ಚಿಂತೆ, ಅದು ಇಲ್ಲದವನ ತೋಟದಲ್ಲಿ ಆಗಸ್ಟಿಗೆ ಕಾಯಿ ಉದುರುತ್ತದೆ. ಆದರೆ ಎರಡನೆಯ ಔಷಧಿಯ ಹೊತ್ತಿಗೆ ಮಳೆ ಹಿಡಿದರೆ ಬಿಡುವುದಿಲ್ಲ, ಕೊನೆಗಾರ ಮರ ಹತ್ತುವಂತಿಲ್ಲ, ಹತ್ತಿದರೂ ಔಷಧಿ ನಿಲ್ಲುವುದಿಲ್ಲ. ಆಗಿನ ಚಿಂತೆಗೆ ಮಾಡುವ ಕೆಲಸವೇ ಇಲ್ಲ. ಇಪ್ಪತ್ತು ವರ್ಷ ನಾನು ಆ ಎರಡನೆಯ ಚಿಂತೆಗೆ ಕೊಡೆ ಹಿಡಿದುಕೊಂಡು ದಿನಕ್ಕೆ ಆರು ಸಲ ತೋಟಕ್ಕೆ ಹೋಗಿ ಅಡಿಕೆ ಗೊನೆ ನೋಡಿ ಬರುತ್ತಿದ್ದೆ. ನೋಡಿದ್ದರಿಂದ ಒಂದು ಕಾಯಿಯೂ ಉಳಿಯಲಿಲ್ಲ, ಹಿಮ್ಮಡಿಗೆ ಉಂಬಳ (ಜಿಗಣೆ) ಕಚ್ಚಿದ್ದೇ ಲಾಭ.

ಈಗ ಚಿಂತೆ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದಕ್ಕೆ ಹೊಡೆಸುವ ಔಷಧಿ ಇದೆಯೇ? ಇದ್ದರೆ ಇವತ್ತೇ ಜನ ಕರೆಯುತ್ತೇನೆ. ಇಲ್ಲದಿದ್ದರೆ ಕೊಟ್ಟಿಗೆಗೆ ಹೋಗಿ ದನಕ್ಕೆ ಹುಲ್ಲು ಹಾಕುತ್ತೇನೆ, ಸೌತೆಬಳ್ಳಿಗೆ ಚಪ್ಪರ ಕಟ್ಟುತ್ತೇನೆ, ಕೈಗೆ ಏನಾದರೂ ಕೆಲಸ ಕೊಡುತ್ತೇನೆ. ಚಿಂತೆ ಹೋಗುವುದಿಲ್ಲ, ಪಕ್ಕದಲ್ಲಿ ಕುಳಿತಿರುತ್ತದೆ. ಮಗಳಿಗೆ ಒಳ್ಳೆಯ ಬಸ್ಸಿನಲ್ಲಿ ಸೀಟು ಮಾಡಿಸಿದಿರೋ, ಇಳಿಯುವ ಜಾಗಕ್ಕೆ ಮನೆಯವರು ಗಾಡಿ ಒಯ್ಯುತ್ತಾರೋ, ಅಲ್ಲಿಗೆ ನಿಮ್ಮ ಬೋರ್ಡೋ ಮುಗಿಯಿತು.

ಉತ್ತರ 3: ತಾಲ್ಲೂಕು ಆಸ್ಪತ್ರೆಯ ವೈದ್ಯ

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ, ಆದರೆ ಮನಸ್ಸಿನ ಮಾತಿಗೆ ಮೊದಲು ದೇಹವನ್ನು ಒಮ್ಮೆ ಪರೀಕ್ಷಿಸಬೇಕೆಂಬುದು ನನ್ನ ಹಠ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಎದೆಬಡಿತ, ಬೆವರು, ನಡುಕ, ನಿದ್ರಾಭಂಗ ಉಂಟಾಗುತ್ತವೆ. ರಕ್ತಹೀನತೆಯಲ್ಲಿಯೂ ಎದೆ ಡವಗುಟ್ಟುತ್ತದೆ. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಇವೇ ಲಕ್ಷಣಗಳು ಕಾಣಿಸಿಕೊಳ್ಳುವುದು ಸಾಮಾನ್ಯ, ಮತ್ತು ನಮ್ಮ ಹೆಣ್ಣುಮಕ್ಕಳು ಅದನ್ನು ವೈದ್ಯರ ಮುಂದೆ ಹೇಳುವುದೇ ಅಪರೂಪ. ಥೈರಾಯ್ಡಿಗೆ ಟಿ.ಎಸ್.ಎಚ್., ರಕ್ತಹೀನತೆಗೆ ಹಿಮೋಗ್ಲೋಬಿನ್ ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ. ನಡೆಯುವಾಗ ಎದೆನೋವು ಬಂದರೆ, ನೋವು ತೋಳಿಗೆ ದವಡೆಗೆ ಹರಿದರೆ, ಅಥವಾ ಉಸಿರು ಕಟ್ಟಿದರೆ ಅದನ್ನು ಆತಂಕವೆಂದು ನೀವೇ ತೀರ್ಮಾನಿಸಿ ಮನೆಯಲ್ಲಿ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಬನ್ನಿ.

ಮೂರೂವರೆಯ ಎಚ್ಚರದ ವಿಷಯ. ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಗಿನ ಜಾವದಿಂದಲೇ ಸಹಜವಾಗಿ ಏರತೊಡಗುತ್ತದೆ, ಆ ಹೊತ್ತಿನಲ್ಲಿ ನಿದ್ರೆಯೂ ತೆಳುವಾಗಿರುತ್ತದೆ, ಆದ್ದರಿಂದ ಕಾರಣವಿಲ್ಲದೆ ಎದ್ದೆ ಎಂದು ಗಾಬರಿಯಾಗುವ ಅಗತ್ಯವಿಲ್ಲ. ನೀವೇ ಬರೆದಂತೆ ಕಾರಣವನ್ನು ಆಮೇಲೆ ಹುಡುಕುತ್ತೇವೆ, ಕತ್ತಲಲ್ಲಿ ಹುಡುಕಿದವರಿಗೆ ಅದು ಸಿಕ್ಕಿಯೇ ಸಿಗುತ್ತದೆ. ಗಡಿಯಾರ ನೋಡಬೇಡಿ, ಮೊಬೈಲು ಕೈಗೆತ್ತಿಕೊಳ್ಳಬೇಡಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಹೀಗೆ ನಿಮಿಷಕ್ಕೆ ಆರರಂತೆ ಐದು ನಿಮಿಷ ಮಾಡಿದರೆ ಎದೆಬಡಿತ ನಿಧಾನವಾಗುತ್ತದೆ. ದುಂಬಿಯಂತೆ ಗುಂಯ್‌ಗುಡುವ ಭ್ರಾಮರಿ ಪ್ರಾಣಾಯಾಮದ ಅಭ್ಯಾಸವಿದ್ದರೆ ಅದೂ ಆಗುತ್ತದೆ, ಅಲ್ಲಿಯೂ ಉಸಿರು ಬಿಡುವ ಹೊತ್ತೇ ಉದ್ದ. ಅರ್ಧ ಗಂಟೆಯಾದರೂ ನಿದ್ರೆ ಬಾರದಿದ್ದರೆ ಎದ್ದು ಬೇರೆ ಕಡೆ ಕುಳಿತು, ತೂಕಡಿಕೆ ಬಂದ ಮೇಲೆ ಮರಳಿ ಮಲಗಿ.

ಕಾಫಿಯ ವಿಷಯ ಯಾರೂ ಎತ್ತಲಿಲ್ಲ, ಮಲೆನಾಡಿನಲ್ಲಿ ಅದನ್ನು ಎತ್ತುವ ಧೈರ್ಯ ಯಾರಿಗೂ ಇಲ್ಲವೆಂದು ಕಾಣುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಗಟ್ಟಿ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟದಷ್ಟು ಒಳಗಿರುತ್ತದೆ ಎಂದು ತಿಳಿಯಿರಿ. ಮಧ್ಯಾಹ್ನದ ನಂತರ ಬಿಟ್ಟು ನೋಡಿ. ಒಮ್ಮೆಲೇ ಎಲ್ಲವನ್ನೂ ನಿಲ್ಲಿಸಿದರೆ ತಲೆನೋವು ಬಂದೀತು, ಸ್ವಲ್ಪಸ್ವಲ್ಪವೇ ಇಳಿಸಿ.

ಮಾತ್ರೆಯ ಬಗ್ಗೆ ನಿಮ್ಮ ಹೆದರಿಕೆ ನ್ಯಾಯವಾದದ್ದು. ನೆರೆಹೊರೆಯಲ್ಲಿ ಕೈ ಬದಲಾಯಿಸುವ ನಿದ್ರೆ ಮಾತ್ರೆಗಳು ಸಾಮಾನ್ಯವಾಗಿ ಆಲ್ಪ್ರಜೋಲಾಮ್ ಜಾತಿಯವು. ಬೇಗ ಕೆಲಸ ಮಾಡುತ್ತವೆ, ಕೆಲವೇ ವಾರಗಳಲ್ಲಿ ದೇಹ ಅವಕ್ಕೆ ಒಗ್ಗಿಬಿಡುತ್ತದೆ. ಇದರಿಂದ ಎಲ್ಲ ಮಾತ್ರೆಗಳೂ ಹೀಗೆಯೇ ಎಂಬ ತೀರ್ಮಾನಕ್ಕೆ ಬರಬೇಡಿ. ಆತಂಕ ಹೆಚ್ಚಿದ್ದಾಗ ಮನೋವೈದ್ಯರು ಬರೆದುಕೊಡುವ ಬೇರೆ ಔಷಧಿಗಳು ಗುಣ ತೋರಿಸಲು ಕೆಲವು ವಾರ ತೆಗೆದುಕೊಳ್ಳುತ್ತವೆ, ಅವು ಚಟ ಹಿಡಿಸುವಂಥವಲ್ಲ, ಆದರೆ ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಬಾರದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರವೆಂದು ವಿಚಾರಿಸಿಕೊಂಡು ಹೋಗಿ.

ಉತ್ತರ 4: ಬೆಂಗಳೂರಿನ ಪಿ.ಜಿ. ನಿವಾಸಿ

ನಮಸ್ಕಾರ ಅಮ್ಮಾ. ಹೀಗೆ ಕರೆಯುತ್ತಿರುವುದಕ್ಕೆ ಕಾರಣ, ನೀವು ಬರೆದದ್ದನ್ನು ಓದುವಾಗ ನನ್ನ ತಾಯಿಯೇ ಬರೆದಿದ್ದಾರೇನೋ ಎಂದು ಎರಡು ಸಲ ಊರಿನ ಹೆಸರು ನೋಡಿದೆ. ನಾವು ಸಾಗರದ ಕಡೆಯವರು. ನಾನು ಆ ಫೋನಿನ ಇನ್ನೊಂದು ತುದಿಯಲ್ಲಿರುವವಳು.

ತಾಯಿಯ ಕರೆ ಬಂದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟು ತೋರಿಸಿದ್ದಕ್ಕೆ ಅಳುವೂ ಬರುತ್ತದೆ. ಕಳೆದ ವರ್ಷ ಡೆಂಗಿ ಜ್ವರ ಬಂದು ಮೂರು ದಿನ ಆಸ್ಪತ್ರೆಯಲ್ಲಿದ್ದಾಗ ಮನೆಗೆ ಹೇಳಲಿಲ್ಲ. ಹೇಳಿದರೆ ಜ್ವರದ ಜೊತೆಗೆ ಅಮ್ಮನ ಗಾಬರಿಯನ್ನೂ ನೋಡಿಕೊಳ್ಳಬೇಕಾಗುತ್ತದೆ ಎಂದು ಸುಮ್ಮನಿದ್ದೆ. ಆಮೇಲೆ ಗೊತ್ತಾಗಿ ಅವರಿಗೆ ಆದ ನೋವನ್ನು ಇಲ್ಲಿ ಬರೆಯಲಾರೆ. ಅಂದಿನಿಂದ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ನಾನು ಯಾವುದನ್ನೂ ಮುಚ್ಚಿಡುವುದಿಲ್ಲ. ಬಸ್ಸು ಹತ್ತಿದಾಗ ಒಂದು ಸಂದೇಶ, ಇಳಿದಾಗ ಒಂದು, ನಡುವೆ ಅವರು ಕರೆ ಮಾಡುವುದಿಲ್ಲ. ತಿಂಗಳಲ್ಲಿ ಒಂದೆರಡು ಸಲ ಅವರು ಮುರಿಯುತ್ತಾರೆ, ಒಂದೆರಡು ಸಲ ನಾನು ಇಳಿದ ಸಂದೇಶ ಕಳಿಸಲು ಮರೆತು ಬೈಸಿಕೊಳ್ಳುತ್ತೇನೆ.

ನಿಮ್ಮ ಮಗಳೊಡನೆ ಈ ಪ್ರಶ್ನೆಯನ್ನೇ ಒಮ್ಮೆ ಓದಿಸಿ. ‘ಹುಷಾರು’ ಎಂದು ದಿನಕ್ಕೆ ಹತ್ತು ಸಲ ಹೇಳುವುದಕ್ಕಿಂತ ‘ನನಗೆ ಹೀಗೆ ಹೆದರಿಕೆಯಾಗುತ್ತದೆ, ತಪ್ಪು ನಿನ್ನದಲ್ಲ’ ಎಂದು ಒಂದು ಸಲ ಹೇಳಿದರೆ ನಮ್ಮಂಥ ಮಕ್ಕಳಿಗೆ ಬೇಗ ತಿಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ: ತೀರ್ಥಹಳ್ಳಿ ಕಡೆಯವಳು

ಎಲ್ಲರಿಗೂ ಕೃತಜ್ಞತೆಗಳು. ರೆಗ್ಯುಲೇಟರಿನದು ನಾಲ್ಕು ದಿನ ಸಾಧಿಸಿದೆ, ಐದನೆಯ ದಿನ ಸೋತು ತಿರುವಿನಿಂದ ಹಿಂದಿರುಗಿದೆ. ಅಲ್ಲದೆ ಉಸಿರಾಟ ಮಾಡುವಾಗ ಎದೆಬಡಿತ ಇಳಿಯಿತೇ ಇಳಿಯಿತೇ ಎಂದು ನೋಡುತ್ತಾ ಕೂರುತ್ತೇನೆ, ಆಗ ಇನ್ನೂ ಹೆಚ್ಚಾಗುತ್ತದೆ. ಹೀಗಾಗುವುದು ನನಗೊಬ್ಬಳಿಗೆಯೇ?

ಉತ್ತರ 5: ಆಪ್ತಸಮಾಲೋಚಕಿ, ಮೈಸೂರು

ನಿಮಗೊಬ್ಬರಿಗೇ ಅಲ್ಲ. ಎದೆಬಡಿತ ಇಳಿಯಿತೇ ಎಂದು ನೋಡುವುದು ರೆಗ್ಯುಲೇಟರನ್ನು ಮುಟ್ಟಿ ನೋಡುವುದರ ತಂಗಿ. ಅಲ್ಲಿ ಕೈ ಹೋಗುತ್ತಿತ್ತು, ಇಲ್ಲಿ ಗಮನ ಹೋಗುತ್ತದೆ. ಉಸಿರನ್ನು ಆತಂಕ ಓಡಿಸುವ ಕೋಲಿನಂತೆ ಹಿಡಿದರೆ ಹೀಗಾಗುತ್ತದೆ, ಆದ್ದರಿಂದ ಆತಂಕವಿಲ್ಲದ ಹೊತ್ತಿನಲ್ಲಿ, ಉದಾಹರಣೆಗೆ ಮಧ್ಯಾಹ್ನ ಊಟದ ನಂತರ ಕುಳಿತಾಗ, ಅಭ್ಯಾಸ ಮಾಡಿ. ಬೆಳಗಿನ ಜಾವಕ್ಕೆ ಉಸಿರಿನ ಬದಲು ಸ್ನಾಯುಗಳನ್ನು ಹಿಡಿಯಿರಿ. ಮುಷ್ಟಿಯನ್ನು ಐದು ಎಣಿಸುವ ತನಕ ಬಿಗಿಹಿಡಿದು ಬಿಡಿ, ಆಮೇಲೆ ತೋಳು, ಹೆಗಲು, ಮುಖ, ಹೊಟ್ಟೆ, ಕಾಲು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಸುಮಾರು ನೂರು ವರ್ಷದ ಹಿಂದೆ ರೂಢಿಗೆ ತಂದ ಕ್ರಮ ಇದರ ಮೂಲ. ಬಿಗಿತವೂ ಸಡಿಲವೂ ಹೇಗಿರುತ್ತವೆಂದು ಮೈಗೆ ತಿಳಿಸುವುದಷ್ಟೇ ಇಲ್ಲಿನ ಕೆಲಸ, ಎದೆಬಡಿತ ಏನಾದರೂ ಮಾಡಿಕೊಳ್ಳಲಿ.

ಐದನೆಯ ದಿನದ ಸೋಲನ್ನು ಲೆಕ್ಕಕ್ಕೆ ಹಿಡಿಯುವುದಾದರೆ ನಾಲ್ಕು ದಿನಗಳನ್ನೂ ಹಿಡಿಯಿರಿ. ಲೆಕ್ಕ ಬರೆಯುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಮೂರು ವಾರದ ನಂತರ: ತೀರ್ಥಹಳ್ಳಿ ಕಡೆಯವಳು

ವಿಚಾರಿಸಿ ಬರೆದವರಿದ್ದಾರೆ, ಅದಕ್ಕಾಗಿ ಇಷ್ಟು. ಮೊನ್ನೆ ರಾತ್ರಿ ಮಗಳು ಬಂದಳು. ಪ್ರಶ್ನೆಯನ್ನೂ ಉತ್ತರಗಳನ್ನೂ ಅವಳಿಗೆ ಮೊದಲೇ ಓದಿಸಿದ್ದೆ, ಓದಿ ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ‘ಹತ್ತಿದಾಗ ಒಂದು, ಇಳಿದಾಗ ಒಂದು’ ಎಂದಷ್ಟೇ ಹೇಳಿದಳು. ಹತ್ತೂವರೆಗೆ ಸಂದೇಶ ಬಂತು. ಒಂದು ಗಂಟೆಯವರೆಗೆ ನಿದ್ರೆ ಬರಲಿಲ್ಲ. ಮೊಬೈಲನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದೆ, ಎರಡು ಸಲ ಅಲ್ಲಿಯವರೆಗೆ ಹೋಗಿ ನೀರು ಕುಡಿದು ಬಂದೆ. ಆಮೇಲೆ ಯಾವಾಗಲೋ ಕಣ್ಣು ಹತ್ತಿದೆ. ಮನೆಯವರು ಗಾಡಿ ತೆಗೆಯುವ ಸದ್ದಿಗೆ ಎಚ್ಚರವಾಯಿತು. ಬಸ್ಸು ಬರುವ ಮೊದಲು ನಾನು ನಿದ್ರೆಯಲ್ಲಿದ್ದದ್ದು ಎರಡು ವರ್ಷದಲ್ಲಿ ಇದೇ ಮೊದಲು.

ಸಂಜೆಯ ಕಾಫಿ ಬಿಟ್ಟಿದ್ದೇನೆ, ಅದು ಬಸ್ಸಿಗಿಂತ ಕಷ್ಟವಾಯಿತು. ಸಂಘದಲ್ಲಿ ಮೊತ್ತವನ್ನು ಈಗ ಎರಡು ಸಲ ಕೂಡುತ್ತೇನೆ. ಅದಕ್ಕಿಂತ ಕಡಿಮೆ ಮಾಡಲು ಮನಸ್ಸಿಲ್ಲ, ಹಣದ ವಿಷಯದಲ್ಲಿ ಎರಡು ಸಲ ಕೂಡುವುದು ಬೋರ್ಡೋ ಲೆಕ್ಕಕ್ಕೇ ಸೇರುತ್ತದೆಂದು ಶೃಂಗೇರಿಯ ಅಣ್ಣನವರು ಒಪ್ಪಿಯಾರು. ಮುಂದಿನ ಮಂಗಳವಾರ ಆಸ್ಪತ್ರೆಗೆ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೇನೆ. ಥೈರಾಯ್ಡಿನ ರಕ್ತ ಪರೀಕ್ಷೆಗೆ ನಿನ್ನೆ ಕೊಟ್ಟು ಬಂದೆ, ವರದಿ ಸೋಮವಾರ ಸಿಗುತ್ತದೆ. ಏನು ಬರುತ್ತದೋ ಎಂಬ ಚಿಂತೆಯನ್ನು ಆರು ಗಂಟೆಯ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.